ತಟ್ಟುವ ತನಕ

ಕ್ಯಾಮೆರಾ ಓಡುತ್ತಿರುವಾಗ ಹುಟ್ಟು ಹಿಡಿದವರು ಬಾಯಿ ಬಿಡಬಾರದು, ಕೈ ಆಡಿಸಬಾರದು. ಚಿತ್ರ ಮುಗಿದ ಮೇಲೆ ಕ್ಯಾಮೆರಾ ಹಿಡಿದವರು ಬೆರಳ ಗೆಣ್ಣಿನಿಂದ ದೋಣಿಯ ಅಂಚನ್ನು ಎರಡು ಸಲ ತಟ್ಟುತ್ತಾರೆ. ಅಲ್ಲಿಯತನಕ ಸೊಳ್ಳೆ ಕಚ್ಚಿದರೂ ಕಚ್ಚಿಸಿಕೊಳ್ಳಬೇಕು.

ಇದು ನನ್ನ ಗಂಡ ಮಾಡಿದ ಕಾನೂನು. ನಮ್ಮದು ಇಬ್ಬರು ಕೂರುವ ದೋಣಿ. ಎರಡೂ ತುದಿ ಚೂಪು, ಅಗಲ ಎಷ್ಟು ಕಡಿಮೆಯೆಂದರೆ ಹಿಂದೆ ಕೂತವರು ಸೀನಿದರೆ ಮುಂದಿನವರ ಚಿತ್ರ ಅಲುಗುತ್ತದೆ. ಅವನು ಮುಂದೆ ಕೂರುತ್ತಿದ್ದ, ಕ್ಯಾಮೆರಾದ ಜೊತೆ. ನಾನು ಹಿಂದೆ, ಹುಟ್ಟಿನ ಜೊತೆ. ಹಿಂದೆ ಕೂತವರಿಗೆ ಕ್ಯಾಮೆರಾದ ಪರದೆ ಕಾಣುವುದಿಲ್ಲ. ಅದರ ಕೆಂಪು ದೀಪಕ್ಕೂ ಅವನು ಕಪ್ಪು ಟೇಪು ಅಂಟಿಸಿದ್ದ, ಪ್ರಾಣಿಗಳು ಬೆದರುತ್ತವೆ ಎಂದು. ಹಾಗಾಗಿ ನಾಲ್ಕು ವರ್ಷ, ರಜೆಯ ಬೆಳಗುಗಳಲ್ಲಿ, ನಾನು ಅವನ ಬೆನ್ನು ನೋಡುತ್ತಾ ಎರಡು ಸಲ ತಟ್ಟುವುದಕ್ಕಾಗಿ ಕಾಯುತ್ತಾ ಕೂತಿದ್ದೇನೆ.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು. ಸಿನಿಮಾ ಅವನ ಹುಚ್ಚು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಒಂದು ನೀರುನಾಯಿ ಸಂಸಾರವಿತ್ತು. ಅದರ ತಾಯಿಗೆ ಅವನು ಯಜಮಾನಿ ಎಂದು ಹೆಸರಿಟ್ಟಿದ್ದ. ಅವಳ ಬಿಲ, ಅವಳ ಮೀನು, ಅವಳ ಜಗಳ, ಎಲ್ಲ ಸೇರಿ ಮೂವತ್ತನಾಲ್ಕು ನಿಮಿಷದ ಚಿತ್ರ ಜೋಡಿಸಿದ್ದ. ಕೊನೆ ಇರಲಿಲ್ಲ. ಯಜಮಾನಿ ಮರಿಗಳನ್ನು ಮೊದಲ ಸಲ ತೆರೆದ ನೀರಿಗೆ ಕರೆದೊಯ್ಯುವುದು ಅವನಿಗೆ ಬೇಕಿತ್ತು.

ಅವನು ನೀರಿನಲ್ಲಿ ಸಾಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳಲು ಕೂತವನು ಏಳಲಿಲ್ಲ. ವಯಸ್ಸು ಮೂವತ್ತಮೂರು. ಒಂದು ಚಪ್ಪಲಿ ಕಾಲಿನಲ್ಲಿತ್ತು.

ಏಳು ತಿಂಗಳಾದ ಮೇಲೆ ದೋಣಿ ರಿಪೇರಿ ಮಾಡುವ ಮೇಸ್ತ್ರಿ ನನ್ನ ಕಚೇರಿಗೆ ಬಂದು, ಯಜಮಾನಿ ಮೂರು ಮರಿ ಹಾಕಿದ್ದಾಳೆ ಎಂದು ಹೇಳಿದರು. ಮರಿಗಳು ಬೇಗ ದೊಡ್ಡವಾಗುತ್ತವೆ. ಈ ತಿಂಗಳು ಬಿಟ್ಟರೆ ಮುಂದಿನ ವರ್ಷ. ಮುಂದಿನ ವರ್ಷ ಎನ್ನುವ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಹೋಗಿಬಿಡೋಣ ಅನ್ನಿಸಿತು.

ಮನೆಯಲ್ಲಿ ಎಲ್ಲರಿಗೂ ನನ್ನ ಬಗ್ಗೆ ಹೆದರಿಕೆ. ಎಲ್ಲರೂ ಎಂದರೆ ಇಬ್ಬರು: ಅತ್ತೆ ಮತ್ತು ನಾದಿನಿ. ಬಚ್ಚಲಿನ ಚಿಲಕ ಮುರಿದಿದೆ ಎಂದು ಅತ್ತೆ ಹೇಳಿದರು. ನಾನು ನೋಡಿದೆ. ಮುರಿದಿರಲಿಲ್ಲ, ಸ್ಕ್ರೂ ಬಿಚ್ಚಿ ತೆಗೆದಿದ್ದರು. ಫಿನೈಲಿನ ಬಾಟಲಿ ಅತ್ತೆಯ ಬೀರುವಿಗೆ ಹೋಯಿತು. ರಾತ್ರಿ ನಾನು ಮಗ್ಗುಲು ಬದಲಿಸಿದರೆ ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟುತ್ತಿತ್ತು.

ಸಾಯುವ ಯೋಚನೆ ನನಗಿರಲಿಲ್ಲ. ಬದುಕುವ ಯೋಚನೆಯೂ ಇರಲಿಲ್ಲ. ಇದನ್ನು ಅವರಿಗೆ ಹೇಳುವಂತಿರಲಿಲ್ಲ. ಹೇಳಿದ್ದರೆ ಎರಡನೆಯ ಮಾತು ಮಾತ್ರ ಕೇಳಿಸುತ್ತಿತ್ತು.

"ನಾಳೆ ಬೆಳಿಗ್ಗೆ ದೋಣಿ ತಗೊಂಡು ಹೋಗ್ತೀನಿ ಅತ್ತೆ," ಎಂದೆ.

ಅತ್ತೆ ತಟ್ಟೆ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಯಾರ ಜೊತೆ?"

"ಒಬ್ಬಳೇ."

"ಒಬ್ಬಳೇ ಹುಟ್ಟು ಹಾಕಿ, ಒಬ್ಬಳೇ ಸಿನಿಮಾ ತೆಗೀತೀಯಾ? ಎಷ್ಟು ಕೈ ನಿನಗೆ?"

ನಾನು ಕ್ಯಾಮೆರಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ.

"ಇವಳನ್ನ ಕರ್ಕೊಂಡು ಹೋಗು," ಎಂದು ಮಗಳ ಕಡೆ ಗದ್ದ ಎತ್ತಿ ತೋರಿಸಿದರು.

ನಾದಿನಿಗೆ ಅವಳ ಅಣ್ಣ ಇಟ್ಟ ಹೆಸರು ಮಿಡತೆ. ಉದ್ದ ಕಾಲು, ಕೂತಲ್ಲಿ ಕೂರುವುದಿಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ. ಅವಳು ಬಾಯಲ್ಲಿದ್ದ ಹೇರ್‌ಪಿನ್ ತೆಗೆದು, "ನಾನಾ? ನಂಗೆ ಬಕೆಟ್ ನೀರು ನೋಡಿದ್ರೇ ತಲೆ ತಿರುಗುತ್ತೆ," ಎಂದಳು.

"ತಿರುಗಲಿ. ಕಣ್ಣು ತೆರೆದಿದ್ರೆ ಸಾಕು."

"ಅಮ್ಮಾ, ನಾನು ಹುಟ್ಟು ಹಾಕೋಕೆ ಹೋಗ್ತಿದೀನೋ, ಕಾವಲು ಕಾಯೋಕೋ?"

ಅತ್ತೆ ತಟ್ಟೆಯನ್ನು ಗೂಡಿನಲ್ಲಿಟ್ಟರು. ನನ್ನ ಕಡೆ ನೋಡದೆ, "ಇಬ್ಬರು ಹೋಗ್ತೀರಿ. ಇಬ್ಬರೂ ಬರಬೇಕು. ನನಗೆ ಅಷ್ಟೇ ಗೊತ್ತು," ಎಂದರು.

ನಾನು ಬಂದರು ಕಚೇರಿಯಲ್ಲಿ ಉಬ್ಬರ ಇಳಿತದ ಪಟ್ಟಿ ತಯಾರಿಸುತ್ತೇನೆ. ಓದಿದ್ದು ಭೂಗೋಳ. ಅಳತೆಯ ಯಂತ್ರ ಕೊಡುವ ಅಂಕಿ ನೋಡಿ, ನೀರು ಎಷ್ಟು ಗಂಟೆಗೆ ಏರುತ್ತದೆ, ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ತಿಂಗಳಿಗೊಂದು ಹಾಳೆ. ಮೀನುಗಾರರು ಅದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಆ ಬೆಳಿಗ್ಗೆ ಉಬ್ಬರ ತುಂಬುವುದು ಐದು ಐವತ್ತಕ್ಕೆ. ಇಳಿತಕ್ಕೆ ಜೋರು ಬರುವುದು ಏಳರ ಮೇಲೆ. ಹುಣ್ಣಿಮೆ ಕಳೆದು ಎರಡನೆಯ ದಿನ, ಸೆಳೆತ ಹೆಚ್ಚು. ಅಳಿವೆಯ ಬಾಯಿ ಕಿರಿದು. ಅಷ್ಟು ನೀರೂ ಆ ಬಾಯಿಯಿಂದಲೇ ಹೊರಗೆ ಹೋಗಬೇಕು. ಅದು ಸಮುದ್ರದ ಅಲೆಗೆ ಎದುರಾಗುವ ಜಾಗದಲ್ಲಿ ಒಂದು ಮುಳುಗಿದ ಮರಳದಿಬ್ಬ. ಅಲ್ಲಿ ಅಲೆ ಒಡೆಯುತ್ತಲೇ ಇರುತ್ತದೆ. ದೊಡ್ಡ ದೋಣಿಗಳೂ ಇಳಿತದಲ್ಲಿ ಅತ್ತ ಹೋಗುವುದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರುವುದೇ ನನ್ನ ಕೆಲಸ.

ಮೇಸ್ತ್ರಿಯ ಶೆಡ್ಡಿನಲ್ಲಿ ಬಣ್ಣದ ಡಬ್ಬಗಳ ನಡುವೆ ನಮ್ಮ ದೋಣಿ ಕವುಚಿ ಬಿದ್ದಿತ್ತು. ಅವರೇ ಅದನ್ನು ತಿರುಗಿಸಿ, ತಳ ಸವರಿ, ನೀರಿಗೆ ತಳ್ಳಿಕೊಟ್ಟರು. ಮಿಡತೆಗೆ ಅವಳ ಅಣ್ಣನ ಲೈಫ್ ಜಾಕೆಟ್ ತೊಡಿಸಿದರು. ಅದು ಅವಳಿಗೆ ದೊಗಲೆ.

"ಈಜು ಬರುತ್ತಾ?" ಎಂದು ಕೇಳಿದರು.

"ಬರುತ್ತೆ. ಸ್ವಲ್ಪ ಹೊತ್ತು."

"ಎಲ್ಲರಿಗೂ ಸ್ವಲ್ಪ ಹೊತ್ತೇ ಬರೋದು, ತಾಯಿ," ಎಂದು ಅವರು ನಕ್ಕರು. ಆಮೇಲೆ ನಗು ಬಿಟ್ಟು ನನಗೆ ಹೇಳಿದರು: "ಕೆಂಪು ಕಂಬ ದಾಟಬೇಡಿ. ನಿಮಗೆ ಹೇಳೋದು ಅಂದ್ರೆ ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಆದ್ರೂ ಹೇಳಿದೆ."

ಕೆಂಪು ಕಂಬ ಎಂದರೆ ದೋಣಿಗಳಿಗೆ ದಾರಿ ತೋರಿಸಲು ನೀರಿನಲ್ಲಿ ನೆಟ್ಟ ಕಬ್ಬಿಣದ ಗುರುತು. ಅಲ್ಲಿಂದ ಅಳಿವೆಯ ಬಾಯಿಗೆ ಒಂದು ಕಿಲೋಮೀಟರಿಗೂ ಕಡಿಮೆ.

ಫೋನುಗಳನ್ನು ಮೇಸ್ತ್ರಿಯ ಬಳಿ ಬಿಟ್ಟೆವು. ಇದೂ ಅವನ ಕಾನೂನೇ. ಫೋನು ಸದ್ದು ಮಾಡಿ ಎರಡು ಒಳ್ಳೆಯ ಚಿತ್ರ ಹಾಳಾದ ಮೇಲೆ ಬಂದದ್ದು.

ನಾನು ಮುಂದೆ ಕೂತೆ. ಅಲ್ಲಿ ನಾನು ಎಂದೂ ಕೂತಿರಲಿಲ್ಲ. ಕಾಲು ಚಾಚಲು ಅವನು ಹಲಗೆಯಲ್ಲಿ ಮಾಡಿಕೊಂಡಿದ್ದ ಗುಂಡಿಗೆ ನನ್ನ ಹಿಮ್ಮಡಿ ತಲುಪಲಿಲ್ಲ. ಕ್ಯಾಮೆರಾ ಇಡಲು ಕಾಳು ತುಂಬಿದ ಒಂದು ಚೀಲವಿತ್ತು. ಶೆಡ್ಡಿನ ಇಲಿಗಳು ಅದನ್ನು ತಿಂದು ಮುಗಿಸಿದ್ದವು. ನಾನು ನನ್ನ ಲೈಫ್ ಜಾಕೆಟ್ ಬಿಚ್ಚಿ, ಮಡಿಸಿ, ಅದರ ಮೇಲೆ ಕ್ಯಾಮೆರಾ ಇಟ್ಟೆ. ಚೆನ್ನಾಗಿ ಕೂತಿತು.

"ಅದನ್ನ ಹಾಕ್ಕೊಳ್ಳಲ್ವಾ ಅತ್ತಿಗೆ?" ಎಂದು ಹಿಂದಿನಿಂದ ಮಿಡತೆ ಕೇಳಿದಳು.

"ಕ್ಯಾಮೆರಾಗೆ ಬೇಕು."

"ಕ್ಯಾಮೆರಾಗೆ ಈಜು ಬರಲ್ವಾ?"

ನಾನು ನಗಬೇಕಿತ್ತು. ನಗಲಿಲ್ಲ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನೀರು ಅಂಚಿನವರೆಗೆ ತುಂಬಿ ನಿಂತಿತ್ತು, ತಟ್ಟೆಯಲ್ಲಿ ಹಾಲು ನಿಂತ ಹಾಗೆ. ಮಿಡತೆಯ ಹುಟ್ಟು ಮೊದಮೊದಲು ನನ್ನ ಬೆನ್ನಿಗೆಲ್ಲ ನೀರು ಎರಚಿತು. ಆಮೇಲೆ ಹದ ಸಿಕ್ಕಿತು. ತಟ್ಟುವ ಕಾನೂನನ್ನು ಅವಳಿಗೆ ಹೇಳಿಕೊಟ್ಟೆ. ಅವಳು ಮಾತಾಡುತ್ತಲೇ ಇದ್ದಳು.

"ನನ್ನ ಕೆಲಸಾನೂ ಇದೇ ತಾನೆ ಅತ್ತಿಗೆ. ಉಸಿರು ಹಿಡೀರಿ, ಅಲ್ಲಾಡಬೇಡಿ. ಮೊನ್ನೆ ಒಬ್ಬ ತಾತಂಗೆ ಉಸಿರು ಬಿಡಿ ಅನ್ನೋದೇ ಮರೆತುಬಿಟ್ಟೆ. ಪಾಪ, ಕೆಂಪಗಾಗಿ ನಿಂತಿದ್ರು."

ಕೆಂಪು ಕಂಬದ ಒಳಗೆ, ಉಪ್ಪುನೀರಿನ ಗಿಡಗಳ ಬೇರಿನ ಮರೆಯಲ್ಲಿ ದೋಣಿ ನಿಲ್ಲಿಸಿದೆವು. ಮಿಡತೆ ಒಂದು ಬೇರನ್ನು ಕೈಯಲ್ಲಿ ಹಿಡಿದುಕೊಂಡಳು. ಕಾದೆವು. ಬಿಳಿ ಕೊಕ್ಕರೆಯೊಂದು ಕೆಸರಿನಲ್ಲಿ ಒಂದೊಂದೇ ಕಾಲು ಎತ್ತಿಡುತ್ತಿತ್ತು. ಏಡಿಗಳು ಬಿಲದಿಂದ ಬಂದು, ಮತ್ತೆ ಬಿಲಕ್ಕೆ ಹೋದವು. ನೀರು ಬೇರಿನ ಮೇಲೆ ಒಂದು ಒದ್ದೆ ಗೆರೆ ಬಿಟ್ಟು ಕೆಳಗಿಳಿಯಿತು. ಗೆರೆ ಬೆರಳಷ್ಟಾಯಿತು. ಆಮೇಲೆ ಗೇಣಷ್ಟು.

ಆರೂ ಐವತ್ತಕ್ಕೆ ಯಜಮಾನಿ ಬಂದಳು.

ಮೊದಲು ತಲೆ, ಆಮೇಲೆ ಬೆನ್ನು. ಹಿಂದೆ ಮೂರು ಸಣ್ಣ ತಲೆಗಳು, ಒಂದರ ಹಿಂದೊಂದು. ಅವಳು ಗಿಡಗಳ ಮರೆ ಬಿಟ್ಟು ನೇರ ನಡುನೀರಿಗೆ ಹೊರಟಳು. ಒಂದು ಮರಿ ತಿರುಗಿ ಹೋಗಲು ನೋಡಿತು. ಅವಳು ಅದರ ಕತ್ತು ಕಚ್ಚಿ ಹಿಡಿದು, ನೀರಿನಲ್ಲಿ ಅದ್ದಿ, ಬಿಟ್ಟಳು. ಮರಿ ಕಿರುಚಿತು. ಮತ್ತೆ ಈಜಿತು.

ನಾನು ಮಿಡತೆಗೆ ಕೈ ಸನ್ನೆ ಮಾಡಿದೆ. ಅವಳು ಬೇರು ಬಿಟ್ಟು ಹುಟ್ಟಿನಿಂದ ನಾಲ್ಕು ಸಲ ಎಳೆದಳು. ದೋಣಿ ಸದ್ದಿಲ್ಲದೆ ಹೊರಗೆ ಸರಿಯಿತು. ನಾನು ಹೆಡ್‌ಫೋನ್ ಹಾಕಿಕೊಂಡು, ಕ್ಯಾಮೆರಾದ ಗುಂಡಿ ಒತ್ತಿ, ಕಣ್ಣು ಹಚ್ಚಿದೆ. ಅವಳು ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಆ ಮೇಲಿನ ಹನ್ನೊಂದು ನಿಮಿಷ ನನ್ನ ಬಳಿ ಇದೆ. ನಾಲ್ಕನೆಯ ನಿಮಿಷದ ತನಕ ನೋಡಿದ್ದೇನೆ.

ಚಿತ್ರ ಚೆನ್ನಾಗಿ ಬಂದಿದೆ. ಯಜಮಾನಿ ಮುಳುಗುತ್ತಾಳೆ, ಮೀನು ಕಚ್ಚಿಕೊಂಡು ಏಳುತ್ತಾಳೆ, ಮರಿಗಳ ಮುಂದೆ ಬಿಡುತ್ತಾಳೆ. ಮೀನು ತಪ್ಪಿಸಿಕೊಳ್ಳುತ್ತದೆ. ಮತ್ತೆ ಮುಳುಗುತ್ತಾಳೆ. ನಾಲ್ಕೂ ತಲೆಗಳು ಚೌಕಟ್ಟಿನ ನಡುವೆ ಮೊಳೆ ಹೊಡೆದ ಹಾಗೆ ನಿಂತಿವೆ. ನಾವೂ ನಿಂತೇ ಇದ್ದೇವೆ ಎಂದು ನನಗನ್ನಿಸಿತು. ನಿಂತಿರಲಿಲ್ಲ. ಅವು ಇಳಿತದ ಜೊತೆ ಹೋಗುತ್ತಿದ್ದವು, ನಾವೂ ಅದೇ ಇಳಿತದ ಜೊತೆ ಹೋಗುತ್ತಿದ್ದೆವು. ಒಂದೇ ಬಸ್ಸಿನಲ್ಲಿ ಕೂತವರು ಒಬ್ಬರಿಗೊಬ್ಬರು ಕದಲಿದಂತೆ ಕಾಣುವುದಿಲ್ಲ.

ನಾಲ್ಕು ನಿಮಿಷಕ್ಕೆ ಯಜಮಾನಿ ಮರಿಗಳನ್ನು ಕರೆದುಕೊಂಡು ದಡದ ಕಡೆ ತಿರುಗಿದಳು. ಚೌಕಟ್ಟು ಖಾಲಿಯಾಯಿತು. ನನಗೆ ಬೇಕಾದದ್ದು ಸಿಕ್ಕಿತ್ತು. ಆಗ ತಟ್ಟಬೇಕಿತ್ತು.

ತಟ್ಟಬೇಕಾದವಳು ನಾನು ಎಂದು ನನಗೆ ಹೊಳೆಯಲಿಲ್ಲ.

ಇದನ್ನು ಹೇಗೆ ಹೇಳಿದರೂ ನಂಬುವುದು ಕಷ್ಟ. ಆ ದೋಣಿಯಲ್ಲಿ ಎಷ್ಟೋ ಬೆಳಗು ನಾನು ಮಾಡಿದ್ದು ಒಂದೇ ಕೆಲಸ. ಚಿತ್ರ ಓಡುತ್ತಿದ್ದರೆ ಸುಮ್ಮನಿರುವುದು, ತಟ್ಟಿದರೆ ಹುಟ್ಟು ಎತ್ತುವುದು. ಎದುರಿಗೆ ಬರಿಯ ನೀರು. ಕಿವಿಯಲ್ಲಿ ನೀರಿನ ಸದ್ದು. ನಾನು ಉಸಿರು ಸಣ್ಣ ಮಾಡಿಕೊಂಡು ಕಾಯುತ್ತಾ ಕೂತೆ. ಈಗ ತಟ್ಟುತ್ತಾನೆ, ಈಗ ತಟ್ಟುತ್ತಾನೆ. ಅವನು ತಡ ಮಾಡುತ್ತಿದ್ದ. ಕೆಲವೊಮ್ಮೆ ತಡ ಮಾಡುತ್ತಿದ್ದನಲ್ಲ, ಖಾಲಿ ನೀರೂ ಬೇಕು, ಆಮೇಲೆ ಜೋಡಿಸಲು ಬರುತ್ತದೆ ಎಂದು. ಕಾಯುವುದು ಹಿತವಾಗಿತ್ತು. ಏಳು ತಿಂಗಳಲ್ಲಿ ಅಷ್ಟು ಹಿತವಾಗಿ ನಾನು ಕೂತಿರಲಿಲ್ಲ.

ಹೆಡ್‌ಫೋನಿನಲ್ಲಿ ಗಾಳಿಯ ಸದ್ದು ಶುರುವಾಯಿತು. ಗಾಳಿ ಇರಲಿಲ್ಲ. ಅದರ ಹಿಂದೆಯೇ ಇನ್ನೊಂದು ಸದ್ದು, ತೀರ ಹತ್ತಿರ. ಯಾರೋ ಮೂಗು ಎಳೆದುಕೊಂಡ ಹಾಗೆ. ಮತ್ತೆ ಎಳೆದುಕೊಂಡ ಹಾಗೆ.

ನಾನು ಕ್ಯಾಮೆರಾದಿಂದ ಕಣ್ಣು ತೆಗೆದು ತಿರುಗಿದೆ.

ಮಿಡತೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಅದನ್ನು ಬಿಗಿಹಿಡಿದು, ನೆಟ್ಟಗೆ ಕೂತಿದ್ದಳು. ಅವಳ ಮುಖವೆಲ್ಲ ಒದ್ದೆ. ಗದ್ದದಿಂದ ನೀರು ತೊಟ್ಟಿಕ್ಕಿ ಜಾಕೆಟ್ಟಿನ ಮೇಲೆ ಬೀಳುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಅವಳ ಹಿಂದೆ, ಬಹಳ ದೂರದಲ್ಲಿ, ಕಡ್ಡಿಯಷ್ಟು ಸಣ್ಣದಾಗಿ ಕೆಂಪು ಕಂಬ.

ಕಂಬ ಹಿಂದೆ ಇತ್ತು. ಹಿಂದೆ ಇರಬಾರದಿತ್ತು.

ನಾನು ಮುಂದಕ್ಕೆ ತಿರುಗಿದೆ. ನೀರು ಕಂದು ಬಣ್ಣಕ್ಕೆ ತಿರುಗಿ, ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಓಡುತ್ತಿತ್ತು. ಎರಡೂ ದಡ ಹತ್ತಿರ ಬಂದಿದ್ದವು. ಎದುರಿಗೆ, ಒಂದು ಬೀದಿಯ ಉದ್ದದಷ್ಟು ದೂರದಲ್ಲಿ, ಈ ಕೊನೆಯಿಂದ ಆ ಕೊನೆಗೆ ಬಿಳಿ ಗೆರೆ. ಅದು ಎದ್ದು, ಬಾಗಿ, ಬಿದ್ದು, ಮತ್ತೆ ಏಳುತ್ತಿತ್ತು. ಗಾಳಿ ಅಂದುಕೊಂಡದ್ದು ಅದರ ಸದ್ದು.

  ಬೆರಳು ನನ್ನವಲ್ಲ ಅನ್ನಿಸಿತು. ನಾನು ಸಾಯುತ್ತೇನೆ ಎಂದು ತಿಳಿಯಿತು. ಪಟ್ಟಿಯಲ್ಲಿ ಒಂದು ಅಂಕಿ ತಿಳಿಯುವ ಹಾಗಲ್ಲ, ನಾಲಿಗೆ ಸುಟ್ಟಾಗ ತಿಳಿಯುವ ಹಾಗೆ. ಬೇಡ ಅನ್ನಿಸಿತು. ಅದಕ್ಕೂ ಮೊದಲು, ಹಿಂದೆ ಇವಳಿದ್ದಾಳೆ ಎನ್ನಿಸಿತು. ಅಥವಾ ಎರಡೂ ಒಟ್ಟಿಗೇ. ಈಗ ಬರೆಯುವಾಗ ಸರದಿ ಹಾಕಲು ಬರುವುದಿಲ್ಲ.

"ಹುಟ್ಟು ಹಾಕು," ಎಂದೆ. ದನಿ ಬರಲಿಲ್ಲ. ಮತ್ತೆ ಹೇಳಿದೆ. "ಹುಟ್ಟು ಹಾಕು ಮಿಡತೆ. ಎಡಕ್ಕೆ. ಮರಳಿನ ಕಡೆ."

ಅವಳು ಕದಲಲಿಲ್ಲ. "ನೀವು ಕೂತ್ಕೊಳ್ಳಿ ಅತ್ತಿಗೆ. ಎದ್ದೇಳಬೇಡಿ. ಮೊದಲು ಕೂತ್ಕೊಳ್ಳಿ."

ನಾನು ಅರ್ಧ ಎದ್ದಿದ್ದೇನೆ ಎಂದು ಆಗ ಗೊತ್ತಾಯಿತು. ದೋಣಿ ಹೊಯ್ದಾಡುತ್ತಿತ್ತು. ಕೂತೆ.

"ಕೂತಿದೀನಿ. ಹಾಕು."

ಎಡಗಡೆ ದಡದಿಂದ ಅಳಿವೆಯ ಬಾಯೊಳಗೆ ನಾಲಿಗೆಯಂತೆ ಚಾಚಿದ ಮರಳದಿಣ್ಣೆಯೊಂದಿತ್ತು. ಅದರ ಒಳಮೂಲೆಯಲ್ಲಿ ನೀರು ಸುತ್ತಿ ಹಿಂದಕ್ಕೆ ಬರುತ್ತದೆ. ಸೆಳೆತಕ್ಕೆ ಎದುರಾಗಿ ಹೋಗುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಅಡ್ಡಲಾಗಿ ಹೋಗಬೇಕು. ನಾನಿದನ್ನು ಕಾಗದದ ಮೇಲೆ ಬಾಣದ ಗುರುತಿನಿಂದ ಬರೆದು ತೋರಿಸಬಲ್ಲೆ. ನನ್ನ ಕಾಲ ಬಳಿ ಇನ್ನೊಂದು ಗಿಡ್ಡ ಹುಟ್ಟಿತ್ತು, ಹಲಗೆಗೆ ದಾರದಿಂದ ಕಟ್ಟಿದ್ದು. ಗಂಟು ಹಾಕಿದವನು ಅವನು. ಬಿಚ್ಚಲು ಹೋದೆ. ಬೆರಳು ಕೇಳಲಿಲ್ಲ. ಉಗುರು ಮುರಿಯಿತು. ಬಗ್ಗಿ ಹಲ್ಲಿನಿಂದ ಎಳೆದೆ. ದಾರ ಉಪ್ಪುಪ್ಪಾಗಿತ್ತು. ಅದು ಕಿತ್ತು ಬರುವಷ್ಟರಲ್ಲಿ ಬಿಳಿ ಗೆರೆ ಗೆರೆಯಾಗಿ ಉಳಿದಿರಲಿಲ್ಲ. ಒಂದೊಂದು ಅಲೆಯೂ ಬೇರೆ ಬೇರೆ ಕಾಣುತ್ತಿತ್ತು, ಒಳಗೆ ಹಸಿರು, ಮೇಲೆ ಮರಳಿನ ಕಂದು.

ಇಬ್ಬರೂ ಎಳೆದೆವು. ದೋಣಿಯ ಮೂತಿ ಮರಳಿನ ಕಡೆ ತಿರುಗಿತು. ಆದರೆ ಮರಳು ಹತ್ತಿರ ಬರುವ ಬದಲು ಪಕ್ಕಕ್ಕೆ ಜಾರಿ ಹೋಗುತ್ತಿತ್ತು. ಮಿಡತೆ ಒಂದೇ ಮಾತನ್ನು ಹೇಳುತ್ತಿದ್ದಳು: "ಅಮ್ಮಂಗೆ ಏನು ಹೇಳ್ಲಿ. ಅಮ್ಮಂಗೆ ಏನು ಹೇಳ್ಲಿ." ಒಂದೊಂದು ಎಳೆತಕ್ಕೂ ಒಂದು ಸಲ. ನಾನೂ ಅದರ ಲೆಕ್ಕಕ್ಕೇ ಎಳೆದೆ. ಬೇರೆ ಲೆಕ್ಕ ನನ್ನ ಬಳಿ ಇರಲಿಲ್ಲ.

ಮುರಿದ ಅಲೆಯೊಂದು ದಿಬ್ಬದಿಂದ ಹಿಂತಿರುಗಿ ಬಂದು ಪಕ್ಕದಿಂದ ಹೊಡೆಯಿತು. ದೊಡ್ಡದಲ್ಲ, ಮೊಣಕಾಲೆತ್ತರ. ಅಷ್ಟಕ್ಕೇ ದೋಣಿ ಅರ್ಧ ತುಂಬಿತು. ಕ್ಯಾಮೆರಾ ಜಾಕೆಟ್ಟಿನ ಸಮೇತ ನನ್ನ ಕಾಲ ಮೇಲೆ ಉರುಳಿತು. ದೋಣಿ ಭಾರವಾಗಿ, ಹೇಳಿದ ಮಾತು ಕೇಳದ ದನದ ಹಾಗೆ, ತನಗೆ ಬೇಕಾದ ಕಡೆ ತಿರುಗಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಿಕೊಂಡೇ ಎಳೆದೆ. ನನ್ನ ಬಾಯಿಂದ ಏನೋ ಸದ್ದು ಬರುತ್ತಿತ್ತು. ಅದು ಮಾತಲ್ಲ.

ಆಮೇಲೆ ಹುಟ್ಟು ಯಾವುದಕ್ಕೋ ಕುಟ್ಟಿತು. ಮರಳು.

ನಾವು ಇಳಿಯಲಿಲ್ಲ, ಬಿದ್ದೆವು. ಸೊಂಟದವರೆಗಿನ ನೀರಿನಲ್ಲಿ ದೋಣಿಯ ಅಂಚು ಹಿಡಿದು, ಎಳೆದು, ಜಾರಿ, ಮತ್ತೆ ಎಳೆದು, ಒಣ ಮರಳಿಗೆ ತಂದೆವು. ಒಣ ಮರಳಿನಲ್ಲೂ ನಾನು ನಾಲ್ಕು ಕಾಲಿನಲ್ಲಿ ಇನ್ನಷ್ಟು ಮೇಲಕ್ಕೆ ಹೋದೆ. ಅಷ್ಟು ದೂರ ಹೋಗಬೇಕಿರಲಿಲ್ಲ.

ಮಿಡತೆ ನನ್ನ ಒದ್ದೆ ಜಾಕೆಟ್ಟನ್ನು ಎತ್ತಿಕೊಂಡು ಬಂದಳು. ಕೊಡುತ್ತಾಳೆ ಎಂದುಕೊಂಡು ಕೈ ಚಾಚಿದೆ. ಅವಳು ಅದರಿಂದ ನನ್ನ ಹೆಗಲಿಗೆ ಹೊಡೆದಳು. ಮತ್ತೊಂದು ಸಲ ಹೊಡೆದಳು. ಆಮೇಲೆ ಪಕ್ಕದಲ್ಲಿ ಕುಸಿದು ಕೂತಳು.

"ಹಾಕ್ಕೊಳ್ಳಿ ಅಂದ್ರೆ ಹಾಕ್ಕೊಳ್ಳಲಿಲ್ಲ," ಎಂದಳು. "ಕಂಬ ದಾಟಿದ್ವಿ. ತಟ್ಟಲಿಲ್ಲ. ನೀರುನಾಯಿ ಹೋಯ್ತು. ಆಗ್ಲೂ ತಟ್ಟಲಿಲ್ಲ."

"ನೀನು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹಾರಿಬಿಡ್ತೀರಿ ಅಂತ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ಊರಿಗೆಲ್ಲ ಇಳಿತ ಎಷ್ಟು ಗಂಟೆಗೆ ಅಂತ ಬರೆದು ಕೊಡೋರು ನೀವು," ಎಂದಳು. "ನಿಮಗೆ ಗೊತ್ತಿಲ್ದೆ ಇರುತ್ತಾ? ಬೇಕಂತಲೇ ಕರ್ಕೊಂಡು ಹೋಗ್ತಿದಾರೆ ಅಂದ್ಕೊಂಡೆ. ಅಲ್ಲಾಡಿದ್ರೆ, ಮಾತಾಡಿದ್ರೆ, ಎದ್ದು ನೀರಿಗೆ ಹಾರ್ತಾರೆ. ಸುಮ್ಮನೆ ಕೂತಿದ್ರೆ ತಾವಾಗೇ ತಿರುಗಿ ನೋಡಬಹುದು. ನನ್ನ ಮುಖ ನೋಡಿದ್ರೆ ಮನಸ್ಸು ಬದಲಾಗಬಹುದು. ಅದಕ್ಕೇ ನಿಮ್ಮ ಬೆನ್ನನ್ನೇ ನೋಡ್ತಾ ಕೂತೆ."

ಹನ್ನೊಂದು ನಿಮಿಷ. ನನ್ನ ಬೆನ್ನಿನ ಹಿಂದೆ ಅವಳು ಹನ್ನೊಂದು ನಿಮಿಷ ಹಾಗೆ ಕೂತಿದ್ದಳು.

"ನೀನು ಹಾರಿ ಈಜಬಹುದಿತ್ತಲ್ಲ. ಜಾಕೆಟ್ ಇತ್ತು," ಎಂದೆ.

"ಇಬ್ಬರೂ ಬರಬೇಕು ಅಂದಿದ್ದಾರೆ ಅಮ್ಮ," ಎಂದಳು, ಅಂಗಡಿಯಿಂದ ಎರಡು ಸಾಮಾನು ತರಲು ಹೇಳಿದ್ದಾರೆ ಎನ್ನುವ ದನಿಯಲ್ಲಿ. ಆಮೇಲೆ ಕೇಳಿದಳು: "ಬೇಕಂತ ಹೋದ್ರಾ?"

"ಇಲ್ಲ."

"ಮತ್ತೆ?"

ನಾನು ಹೇಳಿದೆ. ತಟ್ಟುವುದು ನನ್ನ ಕೆಲಸ ಎಂದು ಮರೆತೆ ಎಂದೆ. ಅವನು ತಟ್ಟಲಿ ಎಂದು ಕಾಯುತ್ತಿದ್ದೆ ಎಂದೆ.

ಮಿಡತೆ ಕೂದಲಿನ ಮರಳು ಕೊಡವಿಕೊಂಡಳು. "ಇದನ್ನ ಯಾರೂ ನಂಬಲ್ಲ ಅತ್ತಿಗೆ," ಎಂದಳು.

"ನೀನು?"

ಅವಳು ಜಾಕೆಟ್ಟನ್ನು ನನ್ನ ಕಡೆ ನೂಕಿದಳು. ನಾನು ಅದನ್ನು ಹಾಕಿಕೊಂಡು, ಎಲ್ಲ ಪಟ್ಟಿಗಳನ್ನೂ ಬಿಗಿದೆ. ಒಣ ಮರಳಿನ ಮೇಲೆ.

ದಿಣ್ಣೆಯ ಆ ಕೊನೆಯಲ್ಲಿ ದಡಕ್ಕೂ ನಮಗೂ ನಡುವೆ ಒಂದು ಕಾಲುವೆ ಹರಿಯುತ್ತಿತ್ತು. ಅದನ್ನು ದಾಟಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಕೂತೆವು. ಬಿಸಿಲು ಏರಿತು. ಬಟ್ಟೆ ಒಣಗಿ ಉಪ್ಪಿನಿಂದ ಸೆಟೆಯಿತು.  ಮಿಡತೆ ದೋಣಿಯ ನೀರು ಚೆಲ್ಲಲು ಅಂಚಿಗೆ ಹೋದಾಗ, "ಈಚೆ ಬಾ," ಎಂದೆ. ಅವಳು ಬಂದಳು. ಮತ್ತೆ ಹೋದಳು. ಮತ್ತೆ ಕರೆದೆ.

"ನೀರು ಅಲ್ಲಿದೆ, ನಾನು ಇಲ್ಲಿದೀನಿ. ಪಾದ ಕೂಡ ಒದ್ದೆಯಾಗಿಲ್ಲ," ಎಂದಳು.

"ಆದ್ರೂ ಬಾ."

ಹತ್ತು ಗಂಟೆಯ ಮೇಲೆ, ಎಂಜಿನ್ನಿನ ಸದ್ದು ಕೇಳಿಸಿತು. ಮೀನುಗಾರರ ದೋಣಿಯೊಂದು ದಿಣ್ಣೆಯ ಒಳಮೂಲೆಗೆ ಬರುತ್ತಿತ್ತು. ಹಿಂದೆ ಚುಕ್ಕಾಣಿ ಹಿಡಿದು ಮೇಸ್ತ್ರಿ. ನಡುವೆ ಹಲಗೆಯ ಮೇಲೆ, ಎರಡೂ ಕಡೆ ಅಂಚು ಹಿಡಿದುಕೊಂಡು, ಅತ್ತೆ.

ಅತ್ತೆ ದೋಣಿ ಹತ್ತಿದವರಲ್ಲ. ಮಗ ಎಷ್ಟು ಕರೆದರೂ ಹತ್ತಿರಲಿಲ್ಲ. ನೆಲ ಬಿಡೋ ವಿಷಯದಲ್ಲಿ ನಾನು ಯಾರ ಮಾತೂ ಕೇಳೋಳಲ್ಲ ಎನ್ನುತ್ತಿದ್ದರು. ಈಗ ಮೊಣಕಾಲಿನವರೆಗೆ ಒದ್ದೆಯಾಗಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೇಸ್ತ್ರಿ ಕೈ ಕೊಡುವ ಮೊದಲೇ ಇಳಿದು ಬಂದರು. ನನ್ನನ್ನು ನೋಡಿದರು. ಮಗಳನ್ನು ನೋಡಿದರು. ತುಟಿ ಅಲುಗಿತು. ಒಂದು, ಎರಡು ಎಂದು ಎಣಿಸಿರಬೇಕು.

"ದಡದ ಮೇಲೆ ಎಲ್ಲಾ ಕಡೆ ಹುಡುಕಿದ್ವಿ," ಎಂದರು ಮೇಸ್ತ್ರಿ. "ಎಂಜಿನ್ ದೋಣಿ ಎಲ್ಲಾ ಸಮುದ್ರಕ್ಕೆ ಹೋಗಿದ್ವು. ಇದು ಹೊಳೆ ಮೇಲ್ಗಡೆಯಿಂದ ಬರೋ ತನಕ ಇವರು ನನ್ನ ಶೆಡ್ಡಲ್ಲಿ ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ನನ್ನ ಬಣ್ಣದ ಡಬ್ಬ ಮೂರು ಉರುಳಿಸಿದ್ರು."

ಅತ್ತೆ ನನ್ನ ಎದುರಿಗೆ ಬಂದು ನಿಂತರು. ಮಗಳ ಎದುರಿಗೆ, ಮೇಸ್ತ್ರಿಯ ಎದುರಿಗೇ ಕೇಳಿದರು. ಏಳು ತಿಂಗಳು ಚಿಲಕ ಬಿಚ್ಚಿ, ಬಾಟಲಿ ಬಚ್ಚಿಟ್ಟು, ಕೇಳದೆ ಉಳಿಸಿಕೊಂಡಿದ್ದ ಮಾತು.

"ನಿಜ ಹೇಳು. ಬೇಕಂತ ಹೋದ್ಯಾ?"

ಮಿಡತೆ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ಕಡೆ ಕೈ ಎತ್ತಿದರು, ಸುಮ್ಮನಿರು ಎಂದು.

ಮರೆತೆ, ಕಾಯುತ್ತಿದ್ದೆ ಎಂಬುದೆಲ್ಲ ನಾಲಿಗೆಯ ತುದಿಗೆ ಬಂತು. ಅದು ಅವರ ಪ್ರಶ್ನೆಗೆ ಉತ್ತರವಲ್ಲ ಎಂದು ತಿಳಿಯಿತು.

"ಇಲ್ಲ ಅತ್ತೆ," ಎಂದೆ. "ಹೆದರಿದೆ. ಅಲೆ ನೋಡಿ ಹೆದರಿದೆ. ಸಾಯ್ತೀನಿ ಅಂತ ಹೆದರಿದೆ. ಈಗಲೂ ಕೈ ನೋಡಿ."

ಕೈ ಚಾಚಿದೆ. ಅದು ನಡುಗುತ್ತಿತ್ತು, ನಿಲ್ಲಿಸಲು ನೋಡಿದರೂ ನಿಲ್ಲುತ್ತಿರಲಿಲ್ಲ. ಅತ್ತೆ ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು, ಸೂಜಿಗೆ ದಾರ ಪೋಣಿಸುವಾಗ ನೋಡುವ ಹಾಗೆ. ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ, ಒದ್ದೆ ಮರಳಿನ ಮೇಲೆ, ಧೊಪ್ಪನೆ ಕೂತುಬಿಟ್ಟರು.

"ಹೆದರಿದ್ಯಾ," ಎಂದರು. ಪ್ರಶ್ನೆಯಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಮಗ ಹೋದಾಗ ಅವರು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನನ್ನನ್ನು ಕಾವಲು ಕಾಯುವುದರಲ್ಲಿ ಅವರಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ.

ಮೇಸ್ತ್ರಿ ದೂರ ಹೋಗಿ ನಮ್ಮ ದೋಣಿಗೆ ಹಗ್ಗ ಕಟ್ಟತೊಡಗಿದರು. ಅಷ್ಟು ನಿಧಾನವಾಗಿ ಅವರು ಗಂಟು ಹಾಕಿದ್ದನ್ನು ನಾನು ನೋಡಿಲ್ಲ.

ಹೊರಡುವಾಗ ಎಲ್ಲರೂ ಹತ್ತಿದರು. ನನಗೆ ಆಗಲಿಲ್ಲ. ನೀರು ಪಾದ ಮುಟ್ಟಿದ ಕೂಡಲೇ ಹಿಂದಕ್ಕೆ ಬಂದೆ. ಎರಡನೆಯ ಸಲವೂ ಬಂದೆ. ಕಾಲುವೆಯ ನೀರು ಇಳಿದ ಮೇಲೆ ನಡೆದು ಬರುತ್ತೇನೆ ಎಂದೆ.

"ನಾಲ್ಕು ಮೈಲಿ ಆಗುತ್ತೆ ಅಮ್ಮಾ," ಎಂದರು ಮೇಸ್ತ್ರಿ.

"ಆಗಲಿ."

ಅತ್ತೆ ಹಲಗೆಯ ಮೇಲಿಂದ ಕೈ ಚಾಚಿದರು. ಅವರ ಇನ್ನೊಂದು ಕೈ ದೋಣಿಯ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು. "ಬಾ," ಎಂದರು. "ನನಗೇನು ಇಲ್ಲಿ ಸುಖ ಅನ್ಕೊಂಡ್ಯಾ?"

ಹತ್ತಿದೆ. ಹಲಗೆಯ ಮೇಲೆ ಕೂರಲಿಲ್ಲ. ಕೆಳಗೆ, ಮೀನಿನ ವಾಸನೆಯ ತಳದಲ್ಲಿ, ಅತ್ತೆಯ ಕಾಲ ಬಳಿ ಕೂತೆ. ಎಂಜಿನ್ ಶುರುವಾದಾಗ ದೋಣಿ ಒಮ್ಮೆ ಜಗ್ಗಿತು. ನನ್ನ ಬಾಯಿಂದ ಸಣ್ಣ ಕೂಗು ಹೊರಬಿತ್ತು. ಅತ್ತೆಯ ಬಾಯಿಂದಲೂ.